ಬಾಳೆಯ ಬುಡದ ಮಣ್ಣು

ಕಲಬುರಗಿಯ ಬಾಡಿಗೆ ಮನೆಗೆ ಅಂಗಳವಿರಲಿಲ್ಲ. ಮಾಳಿಗೆಯ ಮೇಲೆ ಚೀಲದಲ್ಲಿ ಆಲೂಗಡ್ಡೆ ಬೆಳೆಯಲು ವಿದ್ಯಾವತಿಗೆ ಮಣ್ಣು ಬೇಕಿತ್ತು. ಕಮಲಾಪುರದ ಗಂಡನ ಮನೆಗೆ ಹೋದಾಗ, ಅತ್ತೆ ಶಿವಕಾಂತಮ್ಮ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಮಣ್ಣಿಗೇನು ಕೇಳುವುದು ಎಂದುಕೊಂಡು ಹಿತ್ತಲಿನ ಕೆಂಪು ಬಾಳೆಯ ಬುಡದಿಂದಲೇ ತುಂಬಿಕೊಂಡು ಬಂದಳು.

ಗಡ್ಡೆ ತೆಗೆಯುವ ದಿನ ಅತ್ತೆ ಬಂದರು. ಕೈಯಲ್ಲಿ ಇನ್ನೂ ಬಲಿಯದ ಬಾಳೆಗೊನೆ.

“ಗಾಳಿಗಿ ಬಾಳಿಗಿಡ ಬಿತ್ತವ್ವ. ಹೆಗ್ಗಣ ಬುಡ ಕೆದರಿತ್ತು. ನಾ ನೋಡ್ಕೊಳ್ಳಲಿಲ್ಲ, ನಂದೇ ತಪ್ಪು.”

ವಿದ್ಯಾವತಿ ತಲೆ ಎತ್ತದೆ ಚೀಲ ಬೋರಲು ಹಾಕಿದಳು. ದಪ್ಪ ದಪ್ಪ ಗಡ್ಡೆಗಳು ಉರುಳಿದವು. ಅತ್ತೆ ಗಡ್ಡೆ ಮುಟ್ಟದೆ ಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿದರು.

“ಮಣ್ಣು ಭಾಳ ಛಲೋ ಅದ. ನನಗೂ ಒಂದೀಟು ಕೊಡು, ಉಳಿದ ಬಾಳಿ ಬುಡಕ್ಕ ಹಾಕ್ತೀನಿ.”

ಅವರು ಸಾಕೆಂದರೂ ವಿದ್ಯಾವತಿ ಚೀಲಕ್ಕೆ ಮಣ್ಣು ತುಂಬುತ್ತಲೇ ಇದ್ದಳು.