ಕಣ್ಣಿಗೂ ಕೈಗೂ ಮಾತು ಬಿಟ್ಟಿದೆ

ನನ್ನ ತಮ್ಮನಂಥ ನೀಚನನ್ನು ನಾನು ಕಂಡಿಲ್ಲ. ಒಡಹುಟ್ಟಿದವನು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ನನ್ನ ತಲೆಗೆ ಪೆಟ್ಟಾಯಿತು. ಅಂದಿನಿಂದ ಎದುರಿಗಿರುವ ವಸ್ತು ಚೆನ್ನಾಗಿಯೇ ಕಾಣುತ್ತದೆ, ಹಿಡಿಯಲು ಹೋದರೆ ಮಾತ್ರ ಕೈ ಒಂದು ಗೇಣು ಆಚೆಗೆ ಹೋಗಿ ಬೀಳುತ್ತದೆ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.

"ಕಣ್ಣೂ ಸರಿಯಿದೆ, ಕೈಯೂ ಸರಿಯಿದೆ. ಮಿದುಳಿನೊಳಗೆ ಅವೆರಡಕ್ಕೂ ಮಾತು ಬಿಟ್ಟಿದೆ" ಎಂದರು ಡಾಕ್ಟರು. ತಮ್ಮನಿಗೆ ಮೊದಲರ್ಧವಷ್ಟೇ ಕೇಳಿಸಿತು.

ನಮ್ಮ ಟೈಲರ್ ಅಂಗಡಿಯಲ್ಲಿ ಕಟಿಂಗ್ ನನ್ನದು, ಹೊಲಿಗೆ ಅವನದು, ಹುಕ್ಕು ಗುಂಡಿ ಅಮ್ಮನದು. ಕೈ ಹದಕ್ಕೆ ಬರುವವರೆಗೆ ಕಟಿಂಗ್ ಮೇಜು ನನ್ನದಾಗಿಯೇ ಇರಲಿ ಎಂದಷ್ಟೇ ನಾನು ಕೇಳಿದ್ದು.

ನಿನ್ನೆ ಅಂಗಡಿಯಲ್ಲಿ ನನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ತಮ್ಮ ಮಿಷನ್ ನಿಲ್ಲಿಸಿದ.

"ನೋಡಮ್ಮ, ಇಷ್ಟು ಚಿಕ್ಕ ಗುಂಡಿ ಹಾಕ್ಕೊಳ್ಳೋಕೆ ಬರತ್ತೆ, ಅಷ್ಟುದ್ದದ ಕತ್ತರಿ ಹಿಡಿಯೋಕೆ ಬರಲ್ವಂತೆ! ಬರೀ ನಾಟಕ. ಕೂತು ತಿನ್ನೋ ಯೋಚನೆ."

"ಗುಂಡಿ ಹಾಕೋಕೆ ಕಣ್ಣು ಯಾಕೋ ಕತ್ತೆ? ಬೆರಳಿಗೆ ಸಿಕ್ಕಿದ್ರೆ ಸಾಕು."

"ಸುಳ್ಳು ಹೇಳೋರು ಅಂಗಡಿಗೆ ಬರೋದು ಬೇಡ. ನೀನೇ ತೀರ್ಮಾನ ಮಾಡಮ್ಮ."

ಅಮ್ಮ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಅನುಮಾನವಿತ್ತು. ತಮ್ಮನ ಮಾತಿಗಿಂತ ಅದು ನನ್ನನ್ನು ಹೆಚ್ಚು ಚುಚ್ಚಿತು.

ಮೇಜಿನ ಅಂಚು ಸವರುತ್ತ ಹೋಗಿ ಕತ್ತರಿ ಹುಡುಕಿ ಹಿಡಿದೆ. ಹಾಸಿದ್ದ ಬಟ್ಟೆಯ ಮೇಲೆ ತಮ್ಮನೇ ಸೀಮೆಸುಣ್ಣದಿಂದ ಗೆರೆ ಎಳೆದಿದ್ದ.

"ನಾಟಕ ತಾನೇ? ಗೆರೆಯಿಂದ ಮೂರು ಬೆರಳು ಬಿಟ್ಟು ನಿನ್ನ ಕೈ ಇಡು. ನಾನು ಗೆರೆ ಮೇಲೆ ಕತ್ತರಿಸ್ತೀನಿ."

ಜಂಬಗಾರ, ಇಟ್ಟೇಬಿಟ್ಟ.

ಕತ್ತರಿಯ ಬಾಯಿ ತೆರೆದೆ. ಗೆರೆ ಸ್ಪಷ್ಟವಾಗಿತ್ತು, ಅವನ ಉಗುರಿನ ಕೊಳೆಯೂ ಕಾಣುತ್ತಿತ್ತು. ನಾನು ಗೆರೆಗೇ ಗುರಿಯಿಟ್ಟೆ, ದೇವರಾಣೆ. ಕತ್ತರಿ ನೇರ ಅವನ ಬೆರಳುಗಳತ್ತ ಹೋಯಿತು. ಅವನು ಕಿರುಚಿ ಕೈ ಎಳೆದುಕೊಂಡ. ಬೆರಳಿದ್ದ ಜಾಗದಲ್ಲಿ ಬಟ್ಟೆ ತುಂಡಾಯಿತು.

"ನಾಟಕ ಆಗಿದ್ರೆ ಯಾಕೋ ಹೆದರಿದೆ?"

ನನಗೆ ಎಷ್ಟು ಖುಷಿಯಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ.

ಅಮ್ಮ ಎದ್ದು ಬಂದು ನನ್ನ ಬೆರಳುಗಳಿಂದ ಕತ್ತರಿಯನ್ನು ಬಿಡಿಸಿಕೊಂಡಳು.

"ನಂಬಿದೆ ಮಗಾ" ಎಂದಳು.

ಆಮೇಲೆ ಅದನ್ನು ತಮ್ಮನ ಕೈಗೆ ಕೊಟ್ಟು, "ಇನ್ಮೇಲೆ ಕಟಿಂಗ್ ನೀನೇ ಮಾಡು" ಎಂದಳು.