ಮರಳುಗಾಡಿನ ಗೋಧಿಗೆ ಮನೆಯ ಹಸು

ಅಕ್ಕಂದಿರೇ, ಅಣ್ಣಂದಿರೇ, ಮೊಬೈಲಿನಲ್ಲಿ ಬೆಳೆಯುವ ಬೆಳೆ ನಿಮ್ಮೂರಿಗೂ ಬಂದಿರಬಹುದು. ಸಿಂಧಘಟ್ಟಕ್ಕೆ ಅದು ಬೈಕಿನ ಮೇಲೆ ಬಂತು. ತಂದವನು ಇಸ್ತ್ರಿ ಅಂಗಿಯ ಕುಮಾರ. ಯಾವುದೋ ಕಂಪನಿಯ ಏಜೆಂಟ್ ಅಂತ ಹೇಳಿಕೊಂಡು ಅರಳಿಕಟ್ಟೆಯ ಮೇಲೆ ಕೂತು ವಿಡಿಯೊ ತೋರಿಸಿದ. ಸುತ್ತ ಎಲ್ಲಿ ನೋಡಿದರೂ ಮರಳು. ನಡುವೆ ರೊಟ್ಟಿ ತಟ್ಟಿಟ್ಟಂತೆ ದುಂಡಗಿನ ಹಸಿರು ಹೊಲಗಳು. ಅದು ಗೋಧಿಯಂತೆ. ಉದ್ದನೆಯ ಪೈಪು ಗಾಲಿಗಳ ಮೇಲೆ ಸುತ್ತುತ್ತಾ ನೀರು ಚಿಮುಕಿಸುತ್ತದಂತೆ. ನಾವು ದುಡ್ಡು ಹಾಕಿದರೆ ಸಾಕು, ತಿಂಗಳು ತಿಂಗಳೂ ಲಾಭ ಖಾತೆಗೆ ಬಂದು ಬೀಳುತ್ತದೆ, ನಷ್ಟ ಅನ್ನೋ ಮಾತೇ ಇಲ್ಲ ಅಂದ.

ಬಾಯಿ ಬಿಟ್ಟುಕೊಂಡು ಕೇಳಿದವನು ಚಿಕ್ಕಮಾದಯ್ಯ. ಭತ್ತ, ಕಬ್ಬು ಬೆಳೆಯುವ ಮನುಷ್ಯ. ಗೋಧಿಯ ಪೈರನ್ನು ಕಣ್ಣಿನಿಂದ ಕಂಡವನಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ, ಡಾಕ್ಟರು ಹೇಳಿದರಲ್ಲ ಅಂತ ರಾತ್ರಿ ಚಪಾತಿ ತಿನ್ನುತ್ತಿದ್ದ, ಅದೂ ಮುಖ ಹುಳ್ಳಗೆ ಮಾಡಿಕೊಂಡು. ಅಂಥವನು ಮನೆಗೆ ಬಂದು ಹೆಂಡತಿ ಸೋಮಮ್ಮನ ಮುಂದೆ ಗೋಧಿಯ ಗುಣಗಾನ ಶುರುಮಾಡಿದ. ಕಳೆ ಕೀಳುವ ಕೆಲಸವಿಲ್ಲ, ಆಳು ಕರೆಯುವ ತಾಪತ್ರಯವಿಲ್ಲ, ನಾಲೆ ನೀರಿಗೆ ಪಕ್ಕದವರ ಜೊತೆ ಜಗಳವಿಲ್ಲ. ಜಗಳವೇ ಇಲ್ಲದ ಮೇಲೆ ಅದೆಂಥ ಬೇಸಾಯ ಅಂತ ಸೋಮಮ್ಮ ಕೇಳಿದಳು.

ದುಡ್ಡು ಎಲ್ಲಿಂದ ಅನ್ನೋ ಮಾತು ಬಂದಾಗ ಅವನ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು. ಅಲ್ಲಿದ್ದದ್ದು ಕರೆಯುವ ಹಸು ಒಂದೇ. ಅದರ ಹಾಲು ಡೈರಿಗೆ ಹಾಕಿಯೇ ಸೋಮಮ್ಮ ಮನೆ ನಡೆಸುತ್ತಿದ್ದಳು. ಹಸು ಮಾರಬೇಡಿ ಅಂತ ಅವಳು ಹಟ ಹಿಡಿದಳು. ಎಷ್ಟು ಹೇಳಿದರೂ ಕೇಳದಿದ್ದಾಗ ಗಂಡನ ಜೊತೆ ಮಾತು ಬಿಟ್ಟಳು. ಚಿಕ್ಕಮಾದಯ್ಯನಿಗೆ ಅದು ಒಳ್ಳೆಯದೇ ಆಯಿತು ಅಂತ ಕಾಣುತ್ತದೆ. ಹಸು ನೋಡಲು ಬಾ ಅಂತ, ಒಂದು ಹಸು ಕೊಳ್ಳಬೇಕೆಂದಿದ್ದ ತೊಣ್ಣೂರಿನ ಜವರಯ್ಯನಿಗೆ ಫೋನ್ ಮಾಡಿದ.

ಭಾನುವಾರ ಬೆಳಗ್ಗೆಯೇ ಜವರಯ್ಯ ಬಂದ. ದುಡ್ಡು ಬಿಸಿಬಿಸಿಯಾಗಿಯೇ ಇಸಿದುಕೊಂಡು ಹೋಗೋಣ ಅಂತ ಕುಮಾರನೂ ಬಂದು ಜಗಲಿ ಹಿಡಿದ. ಸೋಮಮ್ಮ ಸುಮ್ಮನೆ ಕೂತಿರಲಿಲ್ಲ. ಮೈದುನನ ಮಗಳು, ಸ್ವಸಹಾಯ ಸಂಘದ ಕೆಲಸ ನೋಡಿಕೊಳ್ಳುವ ಮೇಘನಳನ್ನು ಕರೆಸಿಕೊಂಡಿದ್ದಳು.

ಕೊಟ್ಟಿಗೆಗೆ ಹೋದ ಜವರಯ್ಯ ಬೇಗ ಬರಲಿಲ್ಲ. ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿದ. ಕೆಚ್ಚಲು ಮುಟ್ಟಿ ನೋಡಿದ. ಬೀದಿಯಲ್ಲಿ ನಡೆಸಿದ, ತಿರುಗಿಸಿ ಮತ್ತೆ ನಡೆಸಿದ. ತಾನೇ ಕುಕ್ಕರಗಾಲಲ್ಲಿ ಕೂತು ಹಾಲು ಕರೆದ. ಒದೆಯುತ್ತದಾ ಅಂತ ಪಕ್ಕದ ಮನೆಯವರನ್ನು ಗುಟ್ಟಾಗಿ ಕೇಳಿ ಬಂದ. ಇಷ್ಟೆಲ್ಲ ಆದ ಮೇಲೆ, ಸಂಜೆಯೂ ಕರೆದು ನೋಡಿ ಆಮೇಲೆ ರೇಟು ಮಾತಾಡೋಣ ಅಂದ.

ಕುಮಾರನಿಗೆ ಕೂತಲ್ಲೇ ಚಡಪಡಿಕೆ. ಸಂಜೆಗೆ ಸ್ಕೀಮು ಮುಚ್ಚಿಹೋಗುತ್ತದೆ, ಮನುಷ್ಯನಿಗೆ ಇಷ್ಟೊಂದು ಅನುಮಾನ ಇರಬಾರದು ಅಂತ ರೇಗಿದ. ಹಸು ವ್ಯಾಪಾರ ಗೊತ್ತಿಲ್ಲದವನು ಬಾಯಿ ಹಾಕಿದ್ದು ಚಿಕ್ಕಮಾದಯ್ಯನಿಗೆ ಸಹಿಸಲಾಗಲಿಲ್ಲ.

“ನೀನು ಸುಮ್ಕಿರಪ್ಪ. ಎರಡೊತ್ತು ಕರೆದು ನೋಡ್ದೆ ಯಾರಾದ್ರೂ ಅಸ ತಕತಾರ? ನಾನಾದ್ರೂ ಅಂಗೇ ನೋಡೋದು.”

ಸೋಮಮ್ಮ ಆಗ ಬಾಯಿ ಬಿಟ್ಟಳು. “ಅಲ್ಲಾ, ಕಣ್ಮುಂದೆ ನಿಂತಿರೋ ಅಸೀಗೆ ಇಷ್ಟು ನೋಡ್ತೀರಿ. ಆ ಗೋಧಿ ಒಲದ ಒಂದಿಡಿ ಮಣ್ಣಾದ್ರೂ ಮುಟ್ಟಿದ್ದೀರಾ?”

ಯಾವ ಗೋಧಿ ಅಂತ ಜವರಯ್ಯ ಕೇಳಿ ತಿಳಿದುಕೊಂಡು, ಹಸು ಬಿಟ್ಟು ಜಗಲಿಗೆ ಬಂದು ಕೂತ. ಈಗ ಪರೀಕ್ಷೆ ಏಜೆಂಟನಿಗೆ. ನೀರು ಎಲ್ಲಿಂದ ಅಂದರೆ ನೆಲದೊಳಗಿಂದ ಅಂದ. ಬೋರು ಎಷ್ಟು ಆಳ ಅಂದರೆ ಗೊತ್ತಿಲ್ಲ. ನೀನಾದರೂ ಹೋಗಿ ನೋಡಿದ್ದೀಯಾ ಅಂದರೆ ವಿಡಿಯೊ ನೋಡಿದ್ದೇನೆ. ಪಕ್ಕದ ಹೊಲದವರು ಯಾರು ಅಂತ ಕೇಳಿದ್ದಕ್ಕೆ, ಪಕ್ಕದಲ್ಲಿ ಬರೀ ಮರಳು ಅಂದ.

“ಅಂಗಾದ್ರೆ ಇವರ ವಿಚಾರ ಯಾರನ್ನ ಕೇಳೋದ್ಲಾ ಮಾದ?” ಅಂತ ಜವರಯ್ಯ ನಿಜವಾಗಿಯೇ ಬೇಜಾರು ಮಾಡಿಕೊಂಡ.

ಯಾರನ್ನು ಕೇಳಬೇಕು ಅಂತ ಮೇಘನ ಹೇಳಿದಳು. ಮರಳುಗಾಡಿನಲ್ಲಿ ಗೋಧಿ ಬೆಳೆಯುವುದು ಸುಳ್ಳಲ್ಲ. ಆದರೆ ಮಳೆ ಕಾಣದ ಸೀಮೆಯಲ್ಲಿ ಆಳದಿಂದ ಎತ್ತಿದ ನೀರು ಮತ್ತೆ ತುಂಬುವುದು ಕಷ್ಟ. ಸೌದಿ ಅರೇಬಿಯಾದಲ್ಲಿ ನೀರು ಇಳಿದುಹೋಗುತ್ತಿದೆ ಅಂತ ಸರ್ಕಾರವೇ ಒಮ್ಮೆ ಗೋಧಿ ಬೆಳೆಯುವುದನ್ನು ಕಡಿಮೆ ಮಾಡಿಸಿತ್ತು. ಹಾಗಾಗಿ ಹೊಲ ನಿಜವಾದರೂ ಲಾಭ ಖಾತ್ರಿಯಲ್ಲ. ಜನರ ದುಡ್ಡು ಒಟ್ಟು ಸೇರಿಸಿ ಹೂಡುವ ಇಂಥ ಸ್ಕೀಮಿಗೆ ಸೆಬಿಯಲ್ಲಿ ನೋಂದಣಿ ಆಗಿರಬೇಕು. ಸೆಬಿ ಅಂದರೆ ದುಡ್ಡು ಹೂಡುವವರ ಹಿತ ಕಾಯುವ ಸರ್ಕಾರದ ಸಂಸ್ಥೆ. ನಂಬರು ಕೊಡಿ, ಅವರ ವೆಬ್‌ಸೈಟಿನಲ್ಲಿ ಈಗಲೇ ನೋಡುತ್ತೇನೆ ಅಂತ ಅವಳು ಮೊಬೈಲ್ ತೆಗೆದಳು. ಆಫೀಸಿಗೆ ಹೋಗಿ ಕಳಿಸುತ್ತೇನೆ ಅಂದ ಕುಮಾರ ಬೈಕ್ ಹತ್ತಿದ. ನಂಬರು ಇನ್ನೂ ಬರುತ್ತಲೇ ಇದೆ.

“ನಷ್ಟವೇ ಇಲ್ದಿರೋ ಬೇಸಾಯ ಎಲ್ಲಾರ ಕಂಡಿದ್ದೀಯಾ ದೊಡ್ಡಪ್ಪ?” ಅಂತ ಮೇಘನ ಕೇಳಿದಳು.

“ಲಾಭ ಇರೋದ್ನೇ ಸರಿಯಾಗಿ ಕಂಡಿಲ್ಲ ಕಣವ್ವ,” ಅಂದ ಚಿಕ್ಕಮಾದಯ್ಯ. “ಅದ್ಕೇ ಆಸೆ ಬಿದ್ಬುಟ್ಟೆ.”

ಹಸು ಕೊಡುವುದಿಲ್ಲ ಅಂತ ಅವನು ಹೇಳಿದಾಗ ಜವರಯ್ಯ ಊರು ಕೇಳುವ ಹಾಗೆ ಬೈದ. ತಾನೇ ಕರೆದ ಹಾಲಿನ ಕಾಫಿ ಕುಡಿದ ಮೇಲೆ ಸ್ವಲ್ಪ ತಣ್ಣಗಾದ. ಸೋಮಮ್ಮ ಹಸುವನ್ನು ಒಳಗೆ ಕಟ್ಟಿ, ಅದರ ಕುತ್ತಿಗೆ ಸವರುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಸಂಕಟ ಅವಳಿಗೇ ಗೊತ್ತು.

ಓದುವ, ಕೇಳುವ ನೀವೆಲ್ಲ ನನ್ನ ಮಾತು ಇಷ್ಟು ನಡೆಸಿಕೊಡಿ. ಗೋಧಿಯಾಗಲಿ, ತೇಗವಾಗಲಿ, ಖಾತ್ರಿ ಲಾಭ ಅಂದವನ ಹತ್ತಿರ ಮೊದಲು ನೋಂದಣಿ ನಂಬರು ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ನೀವೇ ನೋಡಿ. ನಿಮಗೆ ನೋಡಲು ಬರದಿದ್ದರೆ ಸಂಘದವರಿಂದ, ಬ್ಯಾಂಕಿನವರಿಂದ ನೋಡಿಸಿ. ಇವತ್ತೇ ಕೊನೆ ದಿನ ಅಂದರೆ ಇವತ್ತು ಕೊಡಲೇಬೇಡಿ. ಆನ್‌ಲೈನಿನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಷ್ಟೆಲ್ಲ ಕೇಳಿದರೆ ಬಂದವನಿಗೆ ಕೋಪ ಬರಬಹುದು. ಕೋಪ ಮಾಡಿಕೊಂಡು ಅವನು ಹೋಗಲಿ, ಹಸು ನಿಮ್ಮ ಕೊಟ್ಟಿಗೆಯಲ್ಲೇ ಇರಲಿ.