ಹುಲ್ಲಿನಡಿಯ ಮೀನು

ಹಿಮದ ಮೇಲಿನ ನಾಯಿಬಂಡಿ ಪಂದ್ಯ ನಮ್ಮೂರಿನ ತಂಗುದಾಣಕ್ಕೆ ಬಂದಾಗ ಮೂಸ್ ಕಡವೆಯ ಮಾಂಸದ ಸೂಪು ಬೇಯಿಸುವ ಕೆಲಸ ನನ್ನದು. ಓಡುವ ನಾಯಿಗಳಿಗೆ ಊರಿನವರು ಕೈ ಹಚ್ಚುವಂತಿಲ್ಲ. ಹುಲ್ಲು ಹಾಸುವುದು, ಮೀನು ಹಾಕುವುದು, ಎಲ್ಲ ಬಂಡಿ ಓಡಿಸುವವನದೇ ಪಾಡು. ಹಾಗಾಗಿ ನನ್ನ ಅಕ್ಕನ ಮಗ ವಸಿಲಿ ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಮೂರನೆಯವನಾಗಿ ಬಂದು ನಿಂತಾಗಲೂ ನಾನು ಸೌಟು ಹಿಡಿದು ಬಾಗಿಲಲ್ಲೇ ಇದ್ದೆ.

ಅವನ ಬಂಡಿಯ ಮುಂದಾಳು ನಾಯಿ ಕೆಟಲ್. ಅವಳ ಸೂಲಿನ ಮರಿಗಳಿಗೆಲ್ಲ ಅಡುಗೆಮನೆಯ ಹೆಸರೇ ಇಟ್ಟಿದ್ದ. ಕೆಟಲ್ ನನ್ನ ಒಲೆಯ ಪಕ್ಕದಲ್ಲಿ ಬೆಳೆದವಳು, ನನ್ನ ಒಳ್ಳೆಯ ಬೂಟು ಕಡಿದು ಹಾಕಿದ ಪೋರಿ.

ಪಂದ್ಯದ ಪಶುವೈದ್ಯೆ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು.

"ಮಲಗಿದ್ರೂ ಎದೆಬಡಿತ ಇಳೀತಿಲ್ಲ. ಹೊಟ್ಟೇಲಿ ಹುಣ್ಣಾಗಿದ್ಯೋ ಏನೋ. ದಿನಗಟ್ಟಲೆ ಓಡಿದ್ರೆ ಎಂಥ ಗಟ್ಟಿ ನಾಯಿಗೂ ಆಗುತ್ತೆ. ತಿಂತಿದಾಳಾ?"

"ನೋಡಿ ಡಾಕ್ಟ್ರೇ, ಒಂದು ಚೂರೂ ಬಿಟ್ಟಿಲ್ಲ. ಹಗ್ಗಾನ ಒಂದ್ಸಲಾನೂ ಸಡಿಲ ಬಿಟ್ಟವಳಲ್ಲ" ಎಂದ ವಸಿಲಿ.

ಹಗ್ಗ ಬಿಗಿಯಾಗಿದ್ದರೆ ನಾಯಿ ಚೆನ್ನಾಗಿದೆ ಎಂಬುದು ನಮ್ಮವರೆಲ್ಲರ ನಂಬಿಕೆ. ಓಟದ ಹುಚ್ಚಿರುವ ನಾಯಿ ಸಾಯುವಾಗಲೂ ಎಳೆಯುತ್ತದೆ ಎಂಬುದೂ ನಮಗೆ ಗೊತ್ತು, ಪಂದ್ಯದ ದಿನ ಮಾತ್ರ ಮರೆತುಹೋಗುತ್ತದೆ. ಇಲ್ಲಿ ಬಿಟ್ಟ ನಾಯಿಯನ್ನು ಮತ್ತೆ ಬಂಡಿಗೆ ಕಟ್ಟುವಂತಿಲ್ಲ. ಮುಂದಿನ ಗಾಳಿಯ ಹಾದಿ ಬಲ್ಲವಳು ಕೆಟಲ್ ಒಬ್ಬಳೇ. ಅವಳಿಲ್ಲದೆ ವಸಿಲಿಗೆ ಗೆಲುವಿಲ್ಲ.

ಮಧ್ಯಾಹ್ನ ಒಂದು ಕಾಡುಕಾಗೆ ಬಂದು, ಕೆಟಲ್ ಮಲಗಿದ್ದ ಹುಲ್ಲು ಕೆದಕಿ, ಸಾಲ್ಮನ್ ಮೀನಿನ ತುಂಡೊಂದನ್ನು ಎಳೆದುಕೊಂಡು ಹಾರಿತು. ಕೆಟಲ್ ಗುರ್ ಎನ್ನಲಿಲ್ಲ. ನಾನು ಬಾಗಿಲಿನಿಂದ ಹೊರಗೆ ಬಂದು ಕೂಗಿದೆ.

"ಏ ವಸಿಲಿ, ಆ ಹುಲ್ಲು ಎತ್ತಿ ನೋಡೋ!"

"ಸೂಪು ಸೀದುಹೋಗುತ್ತೆ, ಒಳಗ್ಹೋಗು ಚಿಕ್ಕಮ್ಮ."

"ಸೀದ್ರೆ ಸೀಯ್ಲಿ. ನಾನು ಮುಟ್ಟೋ ಹಾಗಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ಎತ್ತೋ ಅಂದ್ರೆ!"

ಎತ್ತಿದ. ಬೆಳಗ್ಗೆ ಹಾಕಿದ್ದು, ಆಮೇಲೆ ಹಾಕಿದ್ದು, ಕಾಗೆಯ ಪಾಲು ಬಿಟ್ಟು ಎಲ್ಲ ಅಲ್ಲೇ ಇತ್ತು. ಒಂದರ ಮೇಲೂ ಹಲ್ಲಿನ ಗುರುತಿಲ್ಲ. ಕೆಟಲ್ ಮುಖ ಆಚೆ ತಿರುಗಿಸಿದಳು. ವಸಿಲಿ ಮಂಡಿಯೂರಿ ಅವಳ ತುಟಿ ಎತ್ತಿದ. ಒಸಡು ಬಿಳಿಚಿಕೊಂಡಿತ್ತು.

"ಹೇಳ್ಬಾರ್ದಿತ್ತೇನೇ" ಎಂದು ಅವಳ ಕಿವಿಯ ಹತ್ತಿರ ಅಂದ. ಆಮೇಲೆ ಎದ್ದು ಡಾಕ್ಟರನ್ನು ಕೂಗಿದ.

ಸಂಜೆ ಅವಳ ಜಾಗದಲ್ಲಿ ಅವಳದೇ ಸೂಲಿನ ತಂಗಿ ಸಾಸರ್‌ಳನ್ನು ಮುಂದೆ ಕಟ್ಟಿಕೊಂಡು ಹೊರಟ. ಕೆಟಲ್ ಊಳಿಟ್ಟಳು. ಅವನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೊರಡುತ್ತಿರಲಿಲ್ಲ, ನನಗೆ ಗೊತ್ತು.

ಹುಣ್ಣಿನಿಂದ ರಕ್ತ ಸೋರುತ್ತಿತ್ತಂತೆ. ಇನ್ನೊಂದಿಷ್ಟು ದೂರ ಓಡಿದ್ದರೆ ಹಗ್ಗದಲ್ಲೇ ಬೀಳುತ್ತಿದ್ದಳು ಎಂದರು ವೈದ್ಯೆ. ಗಾಳಿ ಎದ್ದು, ಪಂದ್ಯ ಬಿಟ್ಟ ನಾಯಿಗಳನ್ನು ಒಯ್ಯುವ ವಿಮಾನ ಬರಲಿಲ್ಲ. ವೈದ್ಯೆ ಕೊಟ್ಟ ಔಷಧಿ ಕುಡಿಸುತ್ತ, ನನ್ನ ಒಲೆಯ ಪಕ್ಕವೇ ಹುಲ್ಲು ಹಾಸಿ ಮಲಗಿಸಿಕೊಂಡೆ.

ಪಂದ್ಯ ಮುಗಿದ ದಿನ ವಸಿಲಿಯ ಫೋನು ಬಂತು.

"ತಿಂದ್ಲಾ ಚಿಕ್ಕಮ್ಮ?"

"ಈಗ ತಾನೇ ಮೀನು ತಿಂದ್ಲು ಕಣೋ."

"ಹುಲ್ಲು ಎತ್ತಿ ನೋಡಿದ್ಯಾ?"

ಫೋನು ಕೆಳಗಿಟ್ಟು ಹೋಗಿ ಎತ್ತಿ ನೋಡಿದೆ. ಕೆಟಲ್ ನನ್ನ ಕೈ ನೆಕ್ಕಿದಳು.

"ಏನೂ ಇಲ್ಲ ಕಣೋ. ಎಲ್ಲಾ ತಿಂದಿದಾಳೆ."

ಆ ಕಡೆಯಿಂದ ಮೂಗು ಎಳೆಯುವ ಸದ್ದು ಬಂತು. ಎಷ್ಟನೆಯವನಾಗಿ ಮುಟ್ಟಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.